ಹೋಗುವಾಗ ಒಂಬತ್ತು, ಬರುವಾಗ ಹನ್ನೊಂದು

ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ವಿಮಾನದಲ್ಲಿ ಒಂಬತ್ತು ಚಿಲ್ಲರೆ ಗಂಟೆ. ವಾಪಸು ಬರಲು ಸುಮಾರು ಹನ್ನೊಂದು. ನೇರ ದೂರ ಎರಡೂ ಕಡೆಗೆ ಒಂದೇ, 8,200 ಕಿ.ಮೀ. ಆಸುಪಾಸು. ‘ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ, ಪೂರ್ವಕ್ಕೆ ಹೊರಟವರೇ ತಡವಾಗಿ ತಲುಪಬೇಕಿತ್ತಲ್ಲವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಒಳ್ಳೆಯ ಪ್ರಶ್ನೆ. ಆದರೆ ಇದೇ ತರ್ಕದ ಬಾಲ ಹಿಡಿದ ಕೆಲವರು, ಬೆಂಗಳೂರಿನ ಮೇಲೆ ಹೆಲಿಕಾಪ್ಟರ್ ನಿಲ್ಲಿಸಿದರೆ ಕೆಳಗೆ ಮಂಗಳೂರು ತಾನಾಗಿ ಬರಬೇಕು, ಬರುವುದಿಲ್ಲ, ಆದ್ದರಿಂದ ಭೂಮಿ ತಿರುಗುವುದೇ ಸುಳ್ಳು ಎಂದು ವಾಟ್ಸಾಪ್‌ನಲ್ಲಿ ಸಾಧಿಸುತ್ತಾರೆ! ಬೆಂಗಳೂರಿನ ನೆಲ ಗಂಟೆಗೆ 1,600 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತಿರುವುದು ನಿಜ. ಅದರ ಮೇಲಿನ ಗಾಳಿಯೂ ಜೊತೆಗೇ ಓಡುತ್ತದೆ. ಓಡುವ ರೈಲಿನೊಳಗೆ ಹಾರಾಡುವ ನೊಣ ಹಿಂದಿನ ಗೋಡೆಗೆ ಬಡಿದುಕೊಳ್ಳುತ್ತದೆಯೇ?

ಎರಡು ಗಂಟೆಯ ವ್ಯತ್ಯಾಸ ಮಾಡುವುದು ಜೆಟ್ ಸ್ಟ್ರೀಮ್. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನುಗ್ಗುವ ಗಾಳಿಯ ಹೊಳೆ ಅದು. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು. ಪೂರ್ವಕ್ಕೆ ಹೊರಟ ಪೈಲಟ್ ಅದರೊಳಗೆ ಸೇರಿಕೊಳ್ಳುತ್ತಾನೆ. ಪಶ್ಚಿಮಕ್ಕೆ ಬರುವವನು ಸುತ್ತಾದರೂ ಸರಿಯೆಂದು ಉತ್ತರಕ್ಕೆ ಸರಿದು ತಪ್ಪಿಸಿಕೊಳ್ಳುತ್ತಾನೆ.

ಇದನ್ನು ಮೊದಲು ಅಳೆದವರ ಕತೆ ನನಗೆ ಬಲು ಇಷ್ಟ. ಟೋಕಿಯೊ ಬಳಿಯ ಟಟೆನೊ ವೀಕ್ಷಣಾಲಯದ ವಾಸಾಬುರೊ ಓಯಿಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ದೂರದರ್ಶಕದಲ್ಲಿ ಅವುಗಳ ಜಾಡು ಹಿಡಿದು ಈ ಗಾಳಿಯನ್ನು ಲೆಕ್ಕ ಹಾಕಿದರು. ಜಗತ್ತಿಗೆಲ್ಲ ತಿಳಿಯಲಿ ಎಂದು 1926ರಲ್ಲಿ ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ‘ವಿಶ್ವಭಾಷೆ’ಯಲ್ಲಿ ಬರೆದರು. ಜಗತ್ತು ಅತ್ತ ತಿರುಗಿಯೂ ನೋಡಲಿಲ್ಲ! 1944ರಲ್ಲಿ ಜಪಾನಿನ ಮೇಲೆ ದಾಳಿಗೆ ಬಂದ ಅಮೆರಿಕದ ಬಿ-29 ವಿಮಾನಗಳು ಇದೇ ಗಾಳಿಗೆ ಸಿಕ್ಕಿ ತತ್ತರಿಸಿದವು. ಜಪಾನೀಯರು ಅದೇ ಗಾಳಿಗೆ ಬಾಂಬು ಕಟ್ಟಿದ ಸುಮಾರು 9,000 ಬಲೂನುಗಳನ್ನು ಒಪ್ಪಿಸಿ ಅಮೆರಿಕದತ್ತ ತೇಲಿಬಿಟ್ಟರು.

ಹಾಗೆಂದು ಪ್ರಶ್ನೆ ಕೇಳಿದವರಿಗೆ ಸೊನ್ನೆ ಹಾಕುವಂತಿಲ್ಲ. ಸಮಭಾಜಕದ ಬಿಸಿಗಾಳಿ ಮೇಲೇರಿ ಧ್ರುವದತ್ತ ಸಾಗುತ್ತದೆ. ಭೂಮಿಯ ತಿರುಗುವಿಕೆ ಅದನ್ನು ಪೂರ್ವಕ್ಕೆ ಹೊರಳಿಸುತ್ತದೆ. ಅಂದರೆ ಭೂಮಿಯ ಸುತ್ತಾಟಕ್ಕೂ ಪ್ರಯಾಣದ ಸಮಯಕ್ಕೂ ನಂಟು ಇದ್ದೇ ಇದೆ. ಗಾಳಿಯ ಮೂಲಕ, ಅದೂ ಅವರು ಊಹಿಸಿದ್ದಕ್ಕೆ ತದ್ವಿರುದ್ಧವಾಗಿ.

ಜೆಟ್ ಸ್ಟ್ರೀಮ್ ಪೂರ್ವಕ್ಕೇ ನುಗ್ಗುತ್ತದೆ ಎಂಬ ಈ ನಿಯಮಕ್ಕೂ ನಮ್ಮ ತಲೆಯ ಮೇಲೆಯೇ ಒಂದು ಅಪವಾದವಿದೆ. ಮುಂಗಾರಿನ ತಿಂಗಳುಗಳಲ್ಲಿ ಟಿಬೆಟ್ ಪ್ರಸ್ಥಭೂಮಿ ಕಾಯುತ್ತದೆ, ದಕ್ಷಿಣದ ಸಾಗರ ಅದಕ್ಕಿಂತ ತಂಪಾಗಿರುತ್ತದೆ. ಉಷ್ಣತೆಯ ಏರಿಳಿತ ಹೀಗೆ ತಿರುವುಮುರುವಾದಾಗ ದಕ್ಷಿಣ ಭಾರತದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಜೆಟ್ ಸ್ಟ್ರೀಮ್ ಹುಟ್ಟುತ್ತದೆ. 1950ರ ದಶಕದಲ್ಲಿ ಅದನ್ನು ವಿವರಿಸಿದವರು ಭಾರತೀಯ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ.