ತಿರುವಿನಲ್ಲಿ ಕಾರು ‘ಕಟಕಟ’ ಎನ್ನುವುದೇಕೆ?

ಒಂದೂವರೆ ಲಕ್ಷ ಕಿ.ಮೀ. ಓಡಿದ ನಮ್ಮ ಕಾರಿನ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರದ ಬಳಿ ‘ಕಟಕಟ’ ಸದ್ದು ಬರುತ್ತದೆ. ಕಾರಣವೇನು?

ಎಂಜಿನ್ ಬಲ ಮುಂದಿನ ಚಕ್ರಗಳಿಗೇ ಹೋಗುವ ಕಾರುಗಳಲ್ಲಿ ಅವು ಉರುಳುತ್ತಲೇ ಎಡಬಲಕ್ಕೆ ಹೊರಳಬೇಕು. ಇದಕ್ಕೆಂದೇ ಆಕ್ಸಲ್ ಶಾಫ್ಟಿನ ತುದಿಯಲ್ಲಿ ನಮ್ಮ ಮಣಿಕಟ್ಟಿನಂಥ ಕೀಲೊಂದಿದೆ. ಅದೇ ಸಿ.ವಿ. ಜಾಯಿಂಟ್. ಒಳಗೆ ಸಾಮಾನ್ಯವಾಗಿ 6 ಉಕ್ಕಿನ ಗುಂಡುಗಳು, ಸುತ್ತ ಗ್ರೀಸು, ಮೇಲೊಂದು ರಬ್ಬರ್ ಬೂಟು. ಎಡವಟ್ಟು ಹೆಚ್ಚಾಗಿ ಶುರುವಾಗುವುದು ಈ ಅಗ್ಗದ ಬೂಟಿನಿಂದಲೇ! ಅದು ಹರಿದರೆ ಗ್ರೀಸು ಹೊರಚೆಲ್ಲಿ, ಧೂಳು ನೀರು ಒಳಸೇರಿ, ಗುಂಡು ಓಡುವ ಜಾಡು ಸವೆಯುತ್ತದೆ. ತಿರುವಿನಲ್ಲಿ ಸಡಿಲ ಗುಂಡುಗಳು ಬಡಿದು ಸದ್ದಾಗುತ್ತದೆ. ನೇರ ಓಟದಲ್ಲೂ ವೇಗದೊಂದಿಗೆ ಏರುವ ‘ಗುಂಯ್’ ಸದ್ದಿದ್ದರೆ ಅನುಮಾನ ಚಕ್ರದ ಬೇರಿಂಗ್ ಮೇಲೆ. ಜಾಯಿಂಟ್ ರಿಪೇರಿಗೆ ಶಾಫ್ಟ್ ಬಿಚ್ಚಿದಾಗಲೇ ಅದನ್ನೂ ನೋಡಿಸಿ, ಎರಡು ಸಲ ಕೂಲಿ ತೆರುವುದು ತಪ್ಪುತ್ತದೆ. ಶಾಫ್ಟನ್ನು ಚಕ್ರಕ್ಕೆ ಬಿಗಿದಿಡುವ ಹಳೆಯ ಹಬ್ ನಟ್ಟನ್ನು ಮಾತ್ರ ಮತ್ತೆ ಬಿಗಿಯಲು ಬಿಡಬೇಡಿ.