ದೂರದ ಗೆಲಾಕ್ಸಿಗಳ ಕಾಲ ತಿಳಿಸುವ ಅವಕೆಂಪು ರೋಹಿತ

ದೂರದರ್ಶಕದ ಚಿತ್ರದಲ್ಲಿ ಮಸುಕಾದ ಚುಕ್ಕೆಯಾಗಿ ಕಾಣುವ ಗೆಲಾಕ್ಸಿಯೊಂದು ಎಷ್ಟು ದೂರದ್ದು, ಯಾವ ಕಾಲದ್ದು ಎಂಬುದನ್ನು ಅದರ ಬಣ್ಣವನ್ನಷ್ಟೇ ನೋಡಿ ಅಂದಾಜು ಮಾಡಬಹುದೇ ಹೊರತು ಖಚಿತವಾಗಿ ಹೇಳಲು ಬರುವುದಿಲ್ಲ. ಅದರ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ, ಯಾವುದರಲ್ಲಿ ಎಷ್ಟು ಬೆಳಕಿದೆ ಎಂದು ಅಳೆದಾಗ ದೊರೆಯುವ ರೋಹಿತವೇ ಆ ನಿರ್ಣಯಕ್ಕೆ ಆಧಾರ. ಅತಿ ದೂರದ ಗೆಲಾಕ್ಸಿಗಳ ಮಟ್ಟಿಗೆ ಈ ಕೆಲಸ ಬಹುಪಾಲು ನಡೆಯುವುದು ಕಣ್ಣಿಗೆ ಕಾಣದ ಸಮೀಪ ಅವಕೆಂಪು ಕಿರಣಗಳಲ್ಲಿ, ಅಂದರೆ ಸರಿಸುಮಾರು 0.8ರಿಂದ 5 ಮೈಕ್ರೋಮೀಟರ್‌ವರೆಗಿನ ತರಂಗಾಂತರಗಳಲ್ಲಿ.

ವಿಶ್ವ ಹಿಗ್ಗುತ್ತಿರುವುದರಿಂದ, ದೂರದ ಗೆಲಾಕ್ಸಿಯಿಂದ ಹೊರಟ ಬೆಳಕಿನ ಅಲೆಗಳು ದಾರಿಯುದ್ದಕ್ಕೂ ಹಿಗ್ಗುತ್ತ ಬರುತ್ತವೆ. ಈ ಹಿಗ್ಗುವಿಕೆಗೆ ಕೆಂಪು ಪಲ್ಲಟವೆಂದು ಹೆಸರು. ಬಿಸಿಯಾದ ಜಲಜನಕ ಅನಿಲ 656 ನ್ಯಾನೋಮೀಟರ್‌ನಲ್ಲಿ ಹೊಮ್ಮಿಸುವ ಕೆಂಪು ರೇಖೆ, ಕೆಂಪು ಪಲ್ಲಟ 2.3 ಇರುವ ಗೆಲಾಕ್ಸಿಯಿಂದ ಹೊರಟಿದ್ದರೆ, ಭೂಮಿಯನ್ನು ತಲುಪುವ ವೇಳೆಗೆ, 2.3ಕ್ಕೆ 1 ಕೂಡಿಸಿದಷ್ಟು, ಅಂದರೆ 3.3 ಪಟ್ಟು ಹಿಗ್ಗಿ ಸುಮಾರು 2.17 ಮೈಕ್ರೋಮೀಟರ್‌ಗೆ ಸರಿದಿರುತ್ತದೆ. ಆ ಬೆಳಕು ಹೊರಟದ್ದು ಸುಮಾರು 1,100 ಕೋಟಿ ವರ್ಷಗಳ ಹಿಂದೆ, ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಅತ್ಯಂತ ಬಿರುಸಾಗಿದ್ದ ಕಾಲದಲ್ಲಿ. ಆದ್ದರಿಂದ ಆ ಕಾಲದ ಗೆಲಾಕ್ಸಿಗಳಲ್ಲಿ ನಕ್ಷತ್ರಗಳು ಎಷ್ಟು ವೇಗವಾಗಿ ಹುಟ್ಟುತ್ತಿದ್ದವು, ಅನಿಲದಲ್ಲಿ ಆಮ್ಲಜನಕ ಎಷ್ಟು ಬೆರೆತಿತ್ತು ಎಂಬುದನ್ನು ತಿಳಿಯಲು ಅವಕೆಂಪು ರೋಹಿತವನ್ನೇ ಆಶ್ರಯಿಸಬೇಕಾಗುತ್ತದೆ.

ನೆಲದ ಮೇಲಿನಿಂದ ಇದನ್ನು ಅಳೆಯುವುದು ಸುಲಭವಲ್ಲ. ಗಾಳಿಯಲ್ಲಿರುವ ನೀರಾವಿ ಅವಕೆಂಪಿನ ದೊಡ್ಡ ಭಾಗಗಳನ್ನು ಹೀರಿಕೊಳ್ಳುವುದರಿಂದ ಜೆ, ಎಚ್, ಕೆ ಎಂದು ಕರೆಯುವ ಕೆಲವು ಪಟ್ಟಿಗಳಷ್ಟೇ ವೀಕ್ಷಣೆಗೆ ಒದಗುತ್ತವೆ. ಅವುಗಳಲ್ಲಿಯೂ, ಸುಮಾರು 90 ಕಿ.ಮೀ. ಎತ್ತರದಲ್ಲಿರುವ ಹೈಡ್ರಾಕ್ಸಿಲ್ ಅಣುಗಳು ಇರುಳಿಡೀ ಹೊಮ್ಮಿಸುವ ರೇಖೆಗಳು ಗೆಲಾಕ್ಸಿಯ ಕ್ಷೀಣ ಬೆಳಕನ್ನು ಮುಳುಗಿಸಿಬಿಡುತ್ತವೆ. ಹವಾಯಿಯ ಮೌನಾ ಕೀ ಶಿಖರದ 10 ಮೀಟರ್ ಕೆಕ್ ದೂರದರ್ಶಕದಲ್ಲಿ 2012ರಿಂದ ಇರುವ ಮಾಸ್‌ಫೈರ್ ಉಪಕರಣ, ಸರಿಯುವ ಲೋಹದ ಪಟ್ಟಿಗಳ ನಡುವೆ 46 ಕಿರಿದಾದ ಸೀಳುಗಂಡಿಗಳನ್ನು ರಚಿಸಿ, ಹತ್ತಾರು ಗೆಲಾಕ್ಸಿಗಳ ಬೆಳಕನ್ನು ಏಕಕಾಲಕ್ಕೆ ಒಳಬಿಡುತ್ತದೆ. ದೂರದರ್ಶಕವನ್ನು ಸೀಳುಗಂಡಿಯ ಉದ್ದಕ್ಕೂ ಕೊಂಚ ಅತ್ತಿತ್ತ ಸರಿಸಿ ಪಡೆದ ಎರಡು ದಾಖಲೆಗಳಲ್ಲಿ ಒಂದನ್ನು ಇನ್ನೊಂದರಿಂದ ಕಳೆದಾಗ, ಎರಡರಲ್ಲೂ ಸಮಾನವಾಗಿರುವ ಆಕಾಶದ ಹೊಳಪು ಬಹುಮಟ್ಟಿಗೆ ಅಳಿದು ಗೆಲಾಕ್ಸಿಯ ರೇಖೆಗಳು ಉಳಿದುಕೊಳ್ಳುತ್ತವೆ.

2021ರ ಡಿಸೆಂಬರ್ 25ರಂದು ಉಡಾವಣೆಗೊಂಡು, ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ ನೆಲೆಸಿರುವ ಜೇಮ್ಸ್ ವೆಬ್ ದೂರದರ್ಶಕಕ್ಕೆ ವಾತಾವರಣದ ಈ ಎರಡೂ ತೊಡಕುಗಳಿಲ್ಲ. ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಒದಗಿಸಿದ ಅದರ ನಿರ್‌ಸ್ಪೆಕ್ ಉಪಕರಣದಲ್ಲಿ, ನಾಸಾದ ಗೊಡಾರ್ಡ್ ಕೇಂದ್ರ ರೂಪಿಸಿದ ಸುಮಾರು ಎರಡೂವರೆ ಲಕ್ಷ ಪುಟ್ಟ ಕಿಂಡಿಗಳಿದ್ದು, ಒಂದೊಂದರ ಅಳತೆ ಸುಮಾರು 0.1 × 0.2 ಮಿ.ಮೀ. ಮಾತ್ರ. ಅಯಸ್ಕಾಂತವೊಂದು ಇವುಗಳ ಮೇಲೆ ಹಾದುಹೋದಾಗ ಕಿಂಡಿಗಳ ಕದಗಳು ತೆರೆದುಕೊಳ್ಳುತ್ತವೆ. ಗೆಲಾಕ್ಸಿಗಳಿಗೆ ನೇರವಾಗಿರುವ ಕದಗಳನ್ನು ಮಾತ್ರ ವಿದ್ಯುತ್ ಸೆಳೆತದಿಂದ ಹಿಡಿದಿಟ್ಟು ಉಳಿದವನ್ನು ಮುಚ್ಚಲು ಬಿಡುವುದರಿಂದ, ನೂರಕ್ಕೂ ಹೆಚ್ಚು ಗೆಲಾಕ್ಸಿಗಳ ರೋಹಿತ ಒಂದೇ ವೀಕ್ಷಣೆಯಲ್ಲಿ ಸಿಗುತ್ತದೆ.

ಬಣ್ಣದ ಅಂದಾಜಿಗೂ ರೋಹಿತದ ನಿರ್ಣಯಕ್ಕೂ ಇರುವ ಅಂತರ ಸೀರ್ಸ್-93316 ಎಂಬ ಗೆಲಾಕ್ಸಿಯಲ್ಲಿ ಸ್ಪಷ್ಟವಾಯಿತು. 2022ರಲ್ಲಿ ವೆಬ್‌ನ ಚಿತ್ರಗಳಲ್ಲಿ, ಸುಮಾರು 2 ಮೈಕ್ರೋಮೀಟರ್‌ಗಿಂತ ಕಿರಿದಾದ ತರಂಗಾಂತರಗಳಲ್ಲಿ ಅದರ ಬೆಳಕು ತಟ್ಟನೆ ಕುಸಿದಿದ್ದನ್ನು ಕಂಡು, ಅದರ ಕೆಂಪು ಪಲ್ಲಟ 16ನ್ನು ಮೀರಿರಬಹುದೆಂದು, ಎಂದರೆ ಮಹಾಸ್ಫೋಟದ ಬಳಿಕ 25 ಕೋಟಿ ವರ್ಷಗಳೊಳಗಿನ ಗೆಲಾಕ್ಸಿ ಇದಾಗಿರಬಹುದೆಂದು ಅಂದಾಜಿಸಲಾಗಿತ್ತು. 2023ರಲ್ಲಿ ನಿರ್‌ಸ್ಪೆಕ್ ಪಡೆದ ರೋಹಿತದಲ್ಲಿ ಆಮ್ಲಜನಕ ಮತ್ತು ಜಲಜನಕದ ಪ್ರಬಲ ರೇಖೆಗಳು ಕಾಣಿಸಿಕೊಂಡು, ನಿಜವಾದ ಕೆಂಪು ಪಲ್ಲಟ 4.9 ಎಂದೂ, ಅದು ಮಹಾಸ್ಫೋಟದ ಸುಮಾರು 120 ಕೋಟಿ ವರ್ಷಗಳ ನಂತರದ್ದೆಂದೂ ತಿಳಿಯಿತು. ಈ ರೇಖೆಗಳೇ ಚಿತ್ರದ ಉದ್ದ ತರಂಗಾಂತರದ ಶೋಧಕಗಳಲ್ಲಿ ಬೆಳಕನ್ನು ಹೆಚ್ಚಿಸಿ, ಧೂಳು ಉಳಿದ ಬೆಳಕನ್ನು ಕೆಂಪಾಗಿಸಿ, ಅತಿ ದೂರದ ಗೆಲಾಕ್ಸಿಯ ಬಣ್ಣವನ್ನೇ ಹೋಲುವಂತೆ ಮಾಡಿದ್ದವು.

ರೋಹಿತಗಳಲ್ಲಿಯೂ ಖಚಿತತೆಯ ಮಟ್ಟಗಳಿವೆ ಎಂಬುದಕ್ಕೆ ಜೇಡ್ಸ್-ಜಿಎಸ್-ಝಡ್14-0 ಎಂಬ ಗೆಲಾಕ್ಸಿ ನಿದರ್ಶನವಾಗಿದೆ. 2024ರಲ್ಲಿ ನಿರ್‌ಸ್ಪೆಕ್, ಜಲಜನಕ ಬೆಳಕನ್ನು ಹೀರಿದ ಅಂಚೊಂದನ್ನು 1.85 ಮೈಕ್ರೋಮೀಟರ್‌ನ ಆಸುಪಾಸಿನಲ್ಲಿ ಗುರುತಿಸಿ, ಅದರ ಕೆಂಪು ಪಲ್ಲಟವನ್ನು ಸುಮಾರು 14.3 ಎಂದು ತೋರಿಸಿತು. ಆದರೆ ಆ ಅಂಚು ಮಸುಕಾಗಿದ್ದರಿಂದ ಅಳತೆಯಲ್ಲಿ ಅನಿಶ್ಚಿತತೆ ಉಳಿದಿತ್ತು. ಚಿಲಿಯ ಆಲ್ಮಾ ರೇಡಿಯೊ ದೂರದರ್ಶಕ ಅದೇ ಗೆಲಾಕ್ಸಿಯ ಆಮ್ಲಜನಕದ ರೇಖೆಯನ್ನು ಪತ್ತೆಮಾಡಿದಾಗ ಕೆಂಪು ಪಲ್ಲಟ 14.18 ಎಂದು ನಿಖರವಾಯಿತು. ಆಮ್ಲಜನಕ ಹುಟ್ಟುವುದು ಭಾರಿ ನಕ್ಷತ್ರಗಳ ಒಡಲಲ್ಲಿ, ಚದುರುವುದು ಅವು ಅಳಿದಾಗ. ಹಾಗಾಗಿ ವಿಶ್ವಕ್ಕೆ ಸುಮಾರು 30 ಕೋಟಿ ವರ್ಷ ತುಂಬುವಷ್ಟರಲ್ಲಿ ಆ ಗೆಲಾಕ್ಸಿಯಲ್ಲಿ ನಕ್ಷತ್ರಗಳು ಹುಟ್ಟಿ ಅಳಿದಿದ್ದವು ಎಂಬುದು ಆ ಒಂದು ರೇಖೆಯಿಂದ ಸಿದ್ಧವಾಗುತ್ತದೆ.