ಟಿ.ವಿ. ಲೈಟು ಆರಿದ ಮೇಲೆ ಹಾಡುಗಾರನ ಪಾಡೇನು?

ಮುಂಡಗೋಡದಿಂದ ಶಿಗ್ಗಾಂವಿ ದಾಟಿದರೆ ಸವಣೂರ ಸೀಮೆ. ಆ ತಾಲೂಕಿನ ಚಿಲ್ಲೂರ ಬಡ್ನಿಯ ಕುರಿಗಾಹಿ ಹನುಮಂತ ಲಮಾಣಿ ಯಾರೆಂದು ಗೊತ್ತಿಲ್ಲದ ಕಿರಾಣಿ ಅಂಗಡಿ ನಮ್ಮ ನಾಲ್ಕು ತಾಲೂಕಿನಲ್ಲಿ ಇರಲಿಕ್ಕಿಲ್ಲ. 2019ರಲ್ಲಿ ಝೀ ಕನ್ನಡದ 'ಸರಿಗಮಪ' ಸ್ಪರ್ಧೆಯಲ್ಲಿ ಎರಡನೇ ಸ್ಥಾನ. 2024ರ ಅಕ್ಟೋಬರದಲ್ಲಿ ಕಲರ್ಸ್ ಕನ್ನಡದ 'ಬಿಗ್ ಬಾಸ್' ಮನೆಗೆ, ಆಟ ಶುರುವಾದ ಮೇಲೆ ನಡುವೆ ಹೊಕ್ಕರು. 2025ರ ಜನವರಿ 26ರಂದು ಗೆದ್ದೇ ಹೊರಬಂದರು. ಬಹುಮಾನ 50 ಲಕ್ಷ ರೂಪಾಯಿ.

'ಐವತ್ತು ಲಕ್ಷ ಬಂತಲ್ರೀ, ಇನ್ನೇನ್ ಬೇಕು?' ಎಂಬುದು ಬಸ್‌ಸ್ಟ್ಯಾಂಡಿನ ಮಾತು. ಲೆಕ್ಕ ಅಷ್ಟು ಸಲೀಸಿಲ್ಲ. ಇಂಥ ಬಹುಮಾನದ ಹಣ ಕೈಗೆ ಬರುವ ಮೊದಲೇ ಸರಕಾರ ನೂರಕ್ಕೆ 30ರಂತೆ ಹಿಡಿದುಕೊಳ್ಳುತ್ತದೆ. ವ್ಯಾಪಾರಸ್ಥರ ಹಾಗೆ ಖರ್ಚು ಕಳೆದು ತೋರಿಸುವ ಸವಲತ್ತೂ ಇಲ್ಲ. ಹದಿನೈದು ಲಕ್ಷ ಅಲ್ಲೇ ಹೋಯಿತು. ಉಳಿದದ್ದು ಒಂದು ಸಲದ ಗಂಟು, ತಿಂಗಳ ಪಗಾರವಲ್ಲ.

ನಿಜವಾದ ಪ್ರಶ್ನೆ ಇರುವುದು 2019 ಮತ್ತು 2024ರ ನಡುವಿನ ಐದು ವರ್ಷದಲ್ಲಿ. ಸ್ಪರ್ಧೆ ಮುಗಿಯಿತೆಂದರೆ ಚಾನೆಲ್ಲಿಗೆ ಮುಂದಿನ ಸಲ ಹೊಸ ಮುಖ ಬೇಕು. ಹಳೆಯ ಹಾಡುಗಾರನಿಗೆ ಉಳಿಯುವುದು ಜಾತ್ರೆ, ಮದುವೆ, ಕಾಲೇಜಿನ ಗ್ಯಾದರಿಂಗು, ರಸಮಂಜರಿ. ಕೊಟ್ಟ ಸಂಭಾವನೆಯಲ್ಲಿ ಕೀಬೋರ್ಡಿನವ, ತಬಲಾದವ, ಸೌಂಡಿನವ, ಗಾಡಿ ಬಾಡಿಗೆ ಎಲ್ಲಾ ಕಳೆಯಬೇಕು. ಮಳೆ ಹಿಡಿದರೆ ಜೋಯಿಡಾ ಕಡೆ ಪೆಂಡಾಲ್ ಹಾಕುವವರೂ ಸಿಗುವುದಿಲ್ಲ. ಅದರ ಮೇಲೆ 2020, 2021ರಲ್ಲಿ ಕೊರೋನಾ ಬಂದು ಜಾತ್ರೆಗಳೇ ಬಂದ್! ಎಷ್ಟೋ ಕಲಾವಿದರ ಬಾಯಿಗೆ ಬೀಗ ಬಿದ್ದ ಕಾಲ ಅದು.

'ಮೊಬೈಲಿನ್ಯಾಗ ಲಕ್ಷಗಟ್ಟಲೆ ಮಂದಿ ನೋಡ್ತಾರ, ರೊಕ್ಕ ಬರೂದಿಲ್ಲೇನು?' ಬರುತ್ತದೆ, ಹಾಡಿದವನಿಗಲ್ಲ. ಸ್ಪರ್ಧೆಯಲ್ಲಿ ಹಾಡುವುದು ಬಹುಪಾಲು ಸಿನಿಮಾ ಹಾಡು. ಹಾಡಿನ ಹಕ್ಕು ಸಾಮಾನ್ಯವಾಗಿ ಆಡಿಯೋ ಕಂಪನಿಯದು, ವಿಡಿಯೋ ಚಾನೆಲ್ಲಿನದು. 2012ರ ಕಾಪಿರೈಟ್ ತಿದ್ದುಪಡಿ ಗಾಯಕರಿಗೂ ರಾಯಲ್ಟಿಯ ಹಕ್ಕು ಕೊಟ್ಟಿದೆ ಖರೆ. ಆದರೆ ಕಾನೂನು ಓದಿಕೊಂಡು ವೇದಿಕೆ ಹತ್ತುವವರು ಎಷ್ಟು ಜನ?

ಹಾಸನ ಜಿಲ್ಲೆಯ ಚಂದನ್ ಶೆಟ್ಟಿ ಬೇರೆ ದಾರಿಯಿಂದ ಬಂದವರು. 2018ರ ಜನವರಿಯಲ್ಲಿ 'ಬಿಗ್ ಬಾಸ್' ಗೆದ್ದಾಗ ಅವರ '3 ಪೆಗ್' ಹಾಡು ಆಗಲೇ ಊರೂರಿನ ಮೆರವಣಿಗೆಯನ್ನು ಕುಣಿಸಿತ್ತು. ಟಿ.ವಿ. ಗೆಲುವು ನಡೆಯುತ್ತಿದ್ದ ಅಂಗಡಿಗೆ ಹೊಸ ಬೋರ್ಡು ಹಾಕಿದಂತಾಯಿತು. 2024ರ 'ವಿದ್ಯಾರ್ಥಿ ವಿದ್ಯಾರ್ಥಿನಿಯರೇ', 2025ರ 'ಸೂತ್ರಧಾರಿ' ಚಿತ್ರಗಳಿಗೆ ಅವರೇ ನಾಯಕ. ಅಂಥವರಿಗೂ ಆರು ವರ್ಷ ಹಿಡಿಯಿತು ನೋಡಿ. ಕುರಿ ಹಿಂದೆ ತಿರುಗಿದ ಹುಡುಗನಿಗೆ ಬೆಂಗಳೂರಿನ ಸ್ಟುಡಿಯೋ ಇನ್ನೂ ದೂರ.

ನಮ್ಮ ಜಿಲ್ಲೆಯ ಸಿದ್ದಿ ಕಲಾವಿದರಂತೂ ಯಾವ ಸ್ಪರ್ಧೆಯ ಹಂಗೂ ಇಲ್ಲದೆ 2021ರ 'ಸಲಗ' ಚಿತ್ರದಲ್ಲಿ ತಮ್ಮದೇ ಧಾಟಿಯಲ್ಲಿ ಹಾಡಿ ರಾಜ್ಯವನ್ನೆಲ್ಲ ಕುಣಿಸಿದರು. ಹಾಡು ಎಲ್ಲರಿಗೂ ಬಾಯಿಪಾಠ. ಹಾಡಿದವರ ಹೆಸರು ಹಳಿಯಾಳ ಪೇಟೆಯಲ್ಲಿ ಕೇಳಿದರೆ ನಾಲ್ಕು ಜನ ಹೇಳಿಯಾರೇ?

ದಾಂಡೇಲಿ, ಹಳಿಯಾಳದಿಂದ ಆಡಿಶನ್ನಿಗೆಂದು ಹುಬ್ಬಳ್ಳಿ ಬಸ್ಸು ಹತ್ತುವ ಹುಡುಗ-ಹುಡುಗಿಯರು ಒಂದು ಕೆಲಸ ಮಾಡಲಿ. ಅಲ್ಲಿ ಮುಂದಿಡುವ ಕಾಗದದಲ್ಲಿ ಇಂತಿಷ್ಟು ಕಾಲ ಬೇರೆ ಚಾನೆಲ್ಲಿಗೆ ಹೋಗಬಾರದೆಂಬ ಕಲಂ ಇರಬಹುದು. ಹನುಮಂತರಿಗೆ ಎರಡನೇ ಬಾಗಿಲು ತೆರೆದದ್ದು ಬೇರೆ ಚಾನೆಲ್ಲಿನಲ್ಲೇ. ಪರಿಚಯದ ವಕೀಲರ ಹತ್ತಿರ ಓದಿಸಿ, ಆಮೇಲೆ ಸಹಿ ಹಾಕಲಿ.